ಜಪಾನ್ ಕೇಳಿಸಿತು, ತೀರ್ಥಹಳ್ಳಿ ಕೇಳಿಸಲಿಲ್ಲ

ಕೊರೊನಾ ಕಾಟ ಮುಗಿದ ಮರುವರ್ಷದ ಮಾತು. ಶರಾವತಿ ಕಣಿವೆಯ ಜಲವಿದ್ಯುತ್ ಕೇಂದ್ರವೊಂದರ ಸಂಪರ್ಕ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ನಾನು ಆಗಷ್ಟೇ ನಿವೃತ್ತಳಾಗಿ ಸಾಗರದ ಮನೆಗೆ ಬಂದಿದ್ದೆ. ಕೆಲಸದಲ್ಲಿದ್ದಷ್ಟು ಕಾಲವೂ ನನ್ನ ಹೊಣೆ ಒಂದೇ: ಅಣೆಕಟ್ಟು, ವಿದ್ಯುದಾಗಾರ, ಸ್ವಿಚ್‌ಯಾರ್ಡ್ ಇವುಗಳ ನಡುವೆ ವೈರ್‌ಲೆಸ್ ಮಾತು ಕಡಿಯದಂತೆ ನೋಡಿಕೊಳ್ಳುವುದು. ನಿವೃತ್ತಿಯ ನಂತರ ಅದೇ ವಿದ್ಯೆ ಹ್ಯಾಮ್‌ಗಳ ಕಡೆ ತಿರುಗಿತು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಮನೆಯಿಂದಲೇ ರೇಡಿಯೋದಲ್ಲಿ ಪರಸ್ಪರ ಮಾತಾಡುವ ಹವ್ಯಾಸಿಗಳಿಗೆ ಹ್ಯಾಮ್ ಎನ್ನುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಸೇರಿದರೂ ನಾವು ಬೆರಳೆಣಿಕೆಯ ಮಂದಿ. ಯಾರ ಮನೆಗೆ ಯಾವ ಆಂಟೆನಾ ಸರಿ, ಅದನ್ನು ಎಲ್ಲಿ ಹೇಗೆ ಕಟ್ಟಬೇಕು ಎಂದು ಹೇಳಲು ನನ್ನನ್ನು ಕರೆಯುತ್ತಿದ್ದರು. ನನಗೂ ಆ ಕೆಲಸದಲ್ಲಿ ಖುಷಿಯಿತ್ತು, ಧೈರ್ಯವೂ ಇತ್ತು.

ಒಂದು ಬೆಳಿಗ್ಗೆ ನಗರದಿಂದ ಫೋನು ಬಂತು. ಹಳೆಯ ಬಿದನೂರಿನ ಕೋಟೆಯಿದೆಯಲ್ಲ, ಆ ನಗರ. ಶಾಲೆಯಿಂದ ಮಾತಾಡಿದ್ದು ಅಲ್ಲಿನ ಹೈಸ್ಕೂಲಿನ ದೈಹಿಕ ಶಿಕ್ಷಕಿ ವನಜಾ.

“ಮೇಡಂ, ನಮ್ಮಪ್ಪ ಹ್ಯಾಮು. ಹೊಸ ಆಂಟೆನಾ ಹಾಕ್ಸಿದಾರೆ. ಜಪಾನ್ ಕೇಳ್ತದೆ, ತೀರ್ಥಹಳ್ಳಿ ಕೇಳಲ್ಲ. ಅಪ್ಪ ಸರಿಯಾಗಿ ಊಟಾನೂ ಮಾಡ್ತಿಲ್ಲ. ಒಂದ್ಸಲ ಬಂದ್ ನೋಡ್ತೀರಾ?”

ತೀರ್ಥಹಳ್ಳಿ ಕೇಳಿಸದಿದ್ದರೆ ಊಟ ಬಿಡುವುದೇಕೆ ಎಂದು ಕೇಳಿದೆ. ಆಕೆ ಹೇಳಿದ ಕಥೆ ಇದು.

ವನಜಾಳ ತಂದೆ ಮಂಜಪ್ಪನವರೂ ತೀರ್ಥಹಳ್ಳಿಯ ಶ್ರೀಪಾದರಾಯರೂ ಯೌವನದಲ್ಲಿ ಸರಕು ಹಡಗುಗಳಲ್ಲಿ ರೇಡಿಯೋ ಆಫೀಸರುಗಳಾಗಿದ್ದವರು. ಘಟ್ಟದ ಮೇಲಿನ ಇಬ್ಬರು ಹುಡುಗರು ಸಮುದ್ರದ ಮೇಲೆ ಪರಿಚಯವಾದದ್ದೇ ಮೋರ್ಸ್ ಸಂಕೇತದಲ್ಲಿ. ಟಿಕ್ ಎಂಬ ಗಿಡ್ಡ ಸದ್ದು, ಟಾ ಎಂಬ ಉದ್ದ ಸದ್ದು, ಈ ಎರಡರಲ್ಲೇ ಅಕ್ಷರಗಳನ್ನು ಹೆಣೆಯುವ ಭಾಷೆ ಅದು. ಊರಿಗೆ ಮರಳಿದ ಮೇಲೂ ಇಬ್ಬರೂ ಹ್ಯಾಮ್ ಲೈಸೆನ್ಸ್ ತೆಗೆದುಕೊಂಡು ದಿನಾ ಬೆಳಿಗ್ಗೆ ಮಾತಾಡಿಕೊಳ್ಳುತ್ತಿದ್ದರು. ಈಚೆಗೆ ಮಂಜಪ್ಪನವರಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿತ್ತು. ರಾಯರಿಗೆ ಗಂಟಲಿನ ಕ್ಯಾನ್ಸರ್ ಆಗಿ, ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು.

ಒಬ್ಬರಿಗೆ ಮಾತಿಲ್ಲ, ಫೋನು ಮಾಡುವಂತಿಲ್ಲ. ಇನ್ನೊಬ್ಬರಿಗೆ ಕಣ್ಣಿಲ್ಲ, ಬರೆದುಕೊಟ್ಟರೆ ಓದುವಂತಿಲ್ಲ. ಮೊಬೈಲ್ ಸಂದೇಶ ಕಳಿಸೋಣವೆಂದರೆ ಮಂಜಪ್ಪನವರ ಮನೆಯಿರುವ ಕಣಿವೆಗೆ ನೆಟ್‌ವರ್ಕೇ ಇಳಿಯುವುದಿಲ್ಲ. ಉಳಿದಿದ್ದದ್ದು ಮೋರ್ಸ್ ಒಂದೇ. ಆದರೆ ರಾಯರು ಆಸ್ಪತ್ರೆಯಲ್ಲಿದ್ದಾಗ ಗಾಳಿಗೆ ಕೊಂಬೆ ಮುರಿದು ಬಿದ್ದು ಮಂಜಪ್ಪನವರ ಹಳೆಯ ತಂತಿ ಆಂಟೆನಾ ಹರಿದುಹೋಯಿತು. ಗೆಳೆಯ ಬರುವುದರೊಳಗೆ ಅದಕ್ಕಿಂತ ಒಳ್ಳೆಯದನ್ನೇ ಹಾಕಬೇಕೆಂದು ಅವರು ನೆಟ್ಟಗೆ ನಿಲ್ಲುವ ಉದ್ದನೆಯ ಆಂಟೆನಾವೊಂದನ್ನು ತರಿಸಿ, ಮನೆಯ ಮಾಡಿನ ಪಕ್ಕ ಕಬ್ಬಿಣದ ಪೈಪು ನಿಲ್ಲಿಸಿ, ಅದರ ತುದಿಗೆ ಕೂರಿಸಿದ್ದರು.

ರಾಯರು ಮನೆಗೆ ಬಂದವರು ಮೊದಲು ಮಾಡಿದ ಕೆಲಸ ರೇಡಿಯೋ ಹಚ್ಚಿ ಗೆಳೆಯನನ್ನು ಕರೆದದ್ದು. ದಿನಾ ಕರೆದರು. ಉತ್ತರ ಬರಲಿಲ್ಲ. ಇತ್ತ ಮಂಜಪ್ಪನವರೂ ದಿನಾ ಕರೆಯುತ್ತಲೇ ಇದ್ದರು.

“ಆಂಟೆನಾ ತೊಂದ್ರೆ ಅಂತ ಅವ್ರ ಮನೆಯೋರಿಗೆ ಫೋನಲ್ಲಿ ಹೇಳ್ದೆ ಮೇಡಂ. ಅವ್ರು ಅದ್ನ ರಾಯರಿಗೆ ಹೇಳಿದ್ರೆ, ‘ಜಪಾನ್ ಕೇಳ್ತದಂತೆ, ನಾನು ಕೇಳಲ್ವಂತೆ’ ಅಂತ ಬರ್ದು ತೋರ್ಸಿ ರೇಡಿಯೋ ಮೇಲೆ ಬಟ್ಟೆ ಮುಚ್ಚಿದ್ರಂತೆ. ಅಪ್ಪ ಕಾರು ಮಾಡ್ಕೊಂಡು ಅಲ್ಲಿಗೇ ಹೋದ್ರು. ರಾಯರು ಕೋಣೆ ಬಾಗ್ಲು ತೆಗೀಲಿಲ್ಲ. ಈಗ ರೇಡಿಯೇಷನ್ನಿಗೂ ಹೋಗಲ್ಲ ಅಂತ ಕೂತಿದಾರೆ. ಸೋಮವಾರ ಶುರು ಮಾಡ್ಬೇಕು ಅಂದಿದಾರಂತೆ ಡಾಕ್ಟ್ರು.”

ಅಂದು ಗುರುವಾರ. ತಂತಿ, ಕೇಬಲ್, ಮೀಟರುಗಳನ್ನು ಕಾರಿಗೆ ಹಾಕಿಕೊಂಡು ಹೊಸನಗರದ ಮೇಲೆ ನಗರಕ್ಕೆ ಹೊರಟೆ.

ಮಂಜಪ್ಪನವರ ಮನೆ ನಗರದಿಂದ ಘಟ್ಟದ ಕಡೆಗೆ, ಸುತ್ತ ಗುಡ್ಡವಿರುವ ತಗ್ಗಿನಲ್ಲಿ. ಅಂಗಳಕ್ಕೆ ಕಾಲಿಟ್ಟೊಡನೆ ಪೈಪು ಕಾಣಿಸಿತು. ಕೆಲಸ ಅಚ್ಚುಕಟ್ಟಾಗಿತ್ತು. ಪೈಪು ಅಲುಗದಂತೆ ಮೂರು ದಿಕ್ಕಿಗೆ ಸ್ಟೇ ತಂತಿ ಬಿಗಿದಿದ್ದರು, ಅರ್ಥಿಂಗ್ ಸರಿಯಿತ್ತು, ಹತ್ತಿರದಲ್ಲಿ ಕರೆಂಟಿನ ಲೈನೂ ಇರಲಿಲ್ಲ. ಮಂಜಪ್ಪನವರು ಬಂದು ಪೈಪಿನ ಮೇಲೆ ಕೈಯಿಟ್ಟು ನಿಂತರು. ಎತ್ತರದ ಆಳು, ಬಿಳಿ ಬನಿಯನ್ನು, ಪಂಚೆ.

“ಬಂದ್ರಾ ಮೇಡಂ? ನಲವತ್ತು ಅಡಿ ಉಂಟು ನೋಡಿ. ಇನ್ನೂ ಹತ್ತಡಿ ಏರಿಸ್ಲಾ?”

“ಏರಿಸಿದರೆ ಜಪಾನ್ ಇನ್ನೂ ಚೆನ್ನಾಗಿ ಕೇಳಬಹುದು. ತೀರ್ಥಹಳ್ಳಿ ಕೇಳುವುದಿಲ್ಲ” ಎಂದೆ.

ಅವರ ಮುಖ ಬಿಗಿಯಿತು. “ನಾನು ಹಡಗಲ್ಲಿ ಜೀವ್ಮಾನ ಕಳ್ದೋನು. ಆಂಟೆನಾ ಎತ್ರ ಆದಷ್ಟೂ ಒಳ್ಳೇದು ಅಂತ ನಂಗೆ ಗೊತ್ತಿಲ್ವ?”

“ಸಮುದ್ರದ ಮೇಲೆ ನಿಮ್ಮ ಮಾತು ಸರಿ. ಅಲ್ಲಿ ಗುಡ್ಡ ಇರಲಿಲ್ಲವಲ್ಲ.”

ಅವರ ಆಂಟೆನಾ ಕೆಟ್ಟಿರಲಿಲ್ಲ, ಚೆನ್ನಾಗಿಯೇ ಇತ್ತು. ಇಬ್ಬರೂ ಬಳಸುತ್ತಿದ್ದದ್ದು ಏಳು ಮೆಗಾಹರ್ಟ್ಸ್ ಆವರ್ತನದ ರೇಡಿಯೋ ಅಲೆ. ಈ ಅಲೆಗಳು ಆಕಾಶದಲ್ಲಿ ಬಹಳ ಎತ್ತರದಲ್ಲಿರುವ ಅಯಾನುಗೋಳ ಎಂಬ ಪದರಕ್ಕೆ ತಾಗಿ ಮತ್ತೆ ನೆಲಕ್ಕೆ ಬರುತ್ತವೆ. ನೆಟ್ಟಗೆ ನಿಂತ ಆಂಟೆನಾ ಅಲೆಯನ್ನು ಓರೆಯಾಗಿ, ದಿಗಂತದ ಕಡೆಗೆ ಎಸೆಯುತ್ತದೆ. ಅದು ಸಾವಿರಾರು ಕಿಲೋಮೀಟರ್ ಆಚೆ ಹೋಗಿ ಇಳಿಯುತ್ತದೆ. ನಗರದಿಂದ ತೀರ್ಥಹಳ್ಳಿಗೆ ನೇರ ಗೆರೆ ಎಳೆದರೆ ಮೂವತ್ತು ಕಿಲೋಮೀಟರ್ ಆಸುಪಾಸು. ಆಕಾಶದಿಂದ ಬರುವ ಅಲೆ ಅದನ್ನು ದಾಟಿ ಎಲ್ಲೋ ಹೋಗುತ್ತದೆ. ನೆಲದ ಮೇಲೆ ಹೋಗುವ ಅಲೆಯನ್ನು ಗುಡ್ಡಗಳು ನುಂಗುತ್ತವೆ. ಹತ್ತಿರದ ಊರಿಗೆ ಮಾತು ಮುಟ್ಟಬೇಕಾದರೆ ಅಲೆಯನ್ನು ನೇರ ಮೇಲಕ್ಕೆ ಕಳಿಸಬೇಕು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಚಾವಣಿಯ ಕಡೆ ಹಿಡಿದರೆ ಇಡೀ ಕೋಣೆಗೆ ಬೆಳಕು ಚೆಲ್ಲುವುದಿಲ್ಲವೇ, ಹಾಗೆ. ಅದಕ್ಕೆ ಬೇಕಾದದ್ದು ನೆಲದಿಂದ ಐದಾರು ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ಸಾದಾ ತಾಮ್ರದ ತಂತಿ. ಡೈಪೋಲ್ ಎನ್ನುತ್ತಾರೆ. ಮುರಿದ ಕೊಂಬೆಯ ಕೆಳಗೆ ಸಿಕ್ಕಿ ಹರಿದದ್ದು ಅಂಥದ್ದೇ.

ಇಷ್ಟನ್ನೂ ಹೇಳಿದೆ. ಮಂಜಪ್ಪನವರು ಪೈಪಿನ ಮೇಲಿಂದ ಕೈ ತೆಗೆದರು.

“ಹಾಗಾದ್ರೆ ಅವ್ನು ಕರೀತಾ ಇದ್ದಾಗ ನನ್ ತಲೆ ಮೇಲಿಂದ ಹಾದು ಹೋಗ್ತಿತ್ತಾ?”

“ನಿಮ್ಮ ಮನೆಗೆ ಬಂದೇ ಇರುತ್ತದೆ. ಈ ಆಂಟೆನಾಕ್ಕೆ ನೆತ್ತಿಯಿಂದ ಇಳಿಯುವುದು ಕೇಳಿಸುವುದಿಲ್ಲ.”

“ಕಿತ್ತಾಕಿ ಇದನ್ನ” ಎಂದರು.

ಕೀಳಬೇಕಾಗಿರಲಿಲ್ಲ. ದೂರಕ್ಕೆ ಅದೇ ಇರಲಿ, ಹತ್ತಿರಕ್ಕೆ ತಂತಿ ಕಟ್ಟೋಣ, ಒಂದು ಸ್ವಿಚ್ಚಿನಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಿ ಎಂದೆ. ಏಳು ಮೆಗಾಹರ್ಟ್ಸ್‌ಗೆ ಒಟ್ಟು ಇಪ್ಪತ್ತು ಮೀಟರ್ ತಂತಿ ಬೇಕು. ಎರಡು ಸಮ ತುಂಡು, ನಡುವೆ ಕೇಬಲ್ಲಿನ ಜೋಡಣೆ. ಅಂಗಳದ ಒಂದು ಕಡೆ ಹಲಸಿನ ಮರ, ಎದುರಿಗೆ ಮತ್ತಿಮರ. ಮತ್ತಿಮರ ಹತ್ತುವಂತಿರಲಿಲ್ಲ. ಹಗ್ಗ ದಾಟಿಸುವುದು ಹೇಗೆ ಎಂದು ನಾನು ನೋಡುತ್ತಿರುವಾಗ ವನಜಾ ಶಾಲೆಯ ಕಿಟ್ಟಿನಿಂದ ಕ್ರಿಕೆಟ್ ಚೆಂಡು ತಂದು, ಅದಕ್ಕೆ ನೈಲಾನ್ ದಾರ ಬಿಗಿದು, ಎರಡು ಹೆಜ್ಜೆ ಓಡಿ ಎಸೆದಳು. ಚೆಂಡು ನಾನು ತೋರಿಸಿದ ಕವಲಿನಲ್ಲೇ ದಾಟಿ ಆಚೆ ಬಿತ್ತು.

“ಬಿತ್ತಾ?” ಎಂದು ಅಪ್ಪ ಕೇಳಿದರು.

“ನಾನು ಎಸೆದ್ರೆ ಬೀಳ್ದೆ ಇರ್ತದಾ?” ಎಂದಳು ಮಗಳು.

ಮರಕ್ಕೆ ತಂತಿ ಕಟ್ಟುವವರು ಒಂದು ಮಾತು ಮರೆಯಬಾರದು. ಮರ ಗಾಳಿಗೆ ಓಲಾಡುತ್ತದೆ. ತಂತಿಯನ್ನು ಬಿಗಿಯಾಗಿ ಎಳೆದು ಗಂಟು ಹಾಕಿದರೆ ಮೊದಲ ಗಾಳಿಗೇ ಹರಿಯುತ್ತದೆ. ಒಂದು ತುದಿಯನ್ನು ರಾಟೆಯ ಮೇಲೆ ಹಾಯಿಸಿ, ಹಗ್ಗದ ಕೊನೆಗೆ ಕಲ್ಲು ತುಂಬಿದ ಡಬ್ಬಿ ತೂಗಬಿಟ್ಟೆ. ಮರ ಓಲಿದಂತೆ ಡಬ್ಬಿ ಏರಿಳಿಯುತ್ತದೆ, ತಂತಿಗೆ ಪೆಟ್ಟಿಲ್ಲ. ಆಮೇಲೆ ಮೀಟರ್ ಇಟ್ಟು ನೋಡಿದೆ. ರೇಡಿಯೋ ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಹಿಂದಕ್ಕೆ ಬರುತ್ತದೆ ಎಂದು ಅದು ತೋರಿಸುತ್ತದೆ. ತಂತಿ ತುಸು ಉದ್ದವಾಗಿತ್ತು. ಎರಡೂ ತುದಿಯಲ್ಲಿ ಗೇಣುದ್ದ ಮಡಚಿದ ಮೇಲೆ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು.

ಸಂಜೆಯೊಳಗೆ ಮಂಜಪ್ಪನವರು ಸ್ಪೀಕರ್ ಹಚ್ಚಿ ಸ್ವಿಚ್ ತಿರುಗಿಸಿದರು. ಮಂಗಳೂರಿನ ಹ್ಯಾಮ್ ಒಬ್ಬರು ಹುಬ್ಬಳ್ಳಿಯವರೊಡನೆ ಮಾತಾಡುತ್ತಿದ್ದರು. ಹಳೆಯ ತಂತಿ ಹೋದ ಮೇಲೆ ಆ ಧ್ವನಿಗಳು ಆ ಮನೆಗೆ ಬಂದಿರಲಿಲ್ಲ. ಅವರು ಸ್ವಿಚ್ಚನ್ನು ಅತ್ತ ತಿರುಗಿಸಿದರು, ಮಂಗಳೂರು ಮಾಯ. ಇತ್ತ ತಿರುಗಿಸಿದರು, ಮತ್ತೆ ಮಂಗಳೂರು.

“ಇನ್ನು ಅವ್ನು ರೇಡಿಯೋ ಹಚ್ಬೇಕಲ್ಲ ಮಾರಾಯ್ತಿ” ಎಂದರು.

“ನಾಳೆ ನಾನು ತೀರ್ಥಹಳ್ಳಿಗೆ ಹೋಗುತ್ತೇನೆ. ನೀವು ಹನ್ನೊಂದಕ್ಕೆ ಕರೆಯಲು ಶುರುಮಾಡಿ. ಉತ್ತರ ಬರುವವರೆಗೂ ನಿಲ್ಲಿಸಬೇಡಿ.”

ತೀರ್ಥಹಳ್ಳಿಯಲ್ಲಿ ಬಾಗಿಲು ತೆಗೆದವರು ರಾಯರ ಹೆಂಡತಿ ಸುಶೀಲಮ್ಮ. ಅವರು ಸನ್ನೆ ಮಾಡಿ ಒಳಗಿನ ಕೋಣೆ ತೋರಿಸಿದರು. ಬಾಗಿಲು ಅರ್ಧ ತೆರೆದಿತ್ತು. ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿಕೊಂಡ ರಾಯರು ನಮಗೆ ಬೆನ್ನು ಹಾಕಿ ಕಿಟಕಿಯ ಕಡೆ ಕೂತಿದ್ದರು. ನಾನು ಯಾರೆಂದು ಹೇಳಿದೆ. ತಿರುಗಲಿಲ್ಲ. ಹಜಾರದ ಮೂಲೆಯಲ್ಲಿ ಟೇಬಲ್ಲಿನ ಮೇಲೆ ರೇಡಿಯೋ, ಅದರ ಮೇಲೆ ಹೊದೆಸಿದ ಟವೆಲ್ಲು.

“ಹಚ್ಚಬಹುದಾ?” ಎಂದು ಸುಶೀಲಮ್ಮನವರನ್ನು ಕೇಳಿದೆ.

“ಹಚ್ಚಿ. ಬೈಯೋಕಾದ್ರೂ ಎದ್ದು ಬರ್ಲಿ” ಎಂದರು.

ಟೆರೇಸಿನ ಮೇಲೆ ರಾಯರು ಕಟ್ಟಿದ್ದ ಡೈಪೋಲ್ ಚೆನ್ನಾಗಿಯೇ ಇತ್ತು. ರೇಡಿಯೋ ಹಚ್ಚಿದರೆ ಕಿವಿಗಡಚಿಕ್ಕುವ ಗರಗರ. ಮನೆಯ ಇನ್ವರ್ಟರ್ ಆರಿಸಿದೆ, ಗರಗರ ನಿಂತಿತು. ಸ್ಪೀಕರಿನ ಸದ್ದು ಏರಿಸಿ ಕಾದೆವು.

ಹನ್ನೊಂದಕ್ಕೆ ಬಂತು. ಸ್ಪಷ್ಟವಾದ, ಗಟ್ಟಿಯಾದ ಸದ್ದು. ಮೊದಲು ಲೈಸೆನ್ಸಿನೊಡನೆ ಸಿಕ್ಕ ಇಬ್ಬರ ಕರೆಗುರುತು, ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಹ್ಯಾಮ್ ಪರೀಕ್ಷೆಗಾಗಿ ಕಲಿತ ನನ್ನ ಮೋರ್ಸ್ ನಿಧಾನದ್ದು, ಆದರೂ ಅರ್ಥವಾಗುತ್ತಿತ್ತು. “ಶ್ರೀಪಾದ, ಇದೀಯಾ? ನಾನು ಮಂಜ.” ಮತ್ತೆ ಅದೇ. ಮತ್ತೂ ಅದೇ.

ಮೋರ್ಸ್ ಒತ್ತುವ ಕೈಗೆ ಅದರದೇ ಗುರುತಿರುತ್ತದೆ, ನಡಿಗೆಯಿಂದಲೇ ಆಳನ್ನು ಗುರುತು ಹಿಡಿಯುತ್ತೇವಲ್ಲ, ಹಾಗೆ. ಕೋಣೆಯೊಳಗಿನ ಬೆನ್ನು ನೆಟ್ಟಗಾಯಿತು. ಆದರೆ ರಾಯರು ಏಳಲಿಲ್ಲ. ಆಂಟೆನಾದ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ. ಮುಂದಿನದು ನನ್ನ ಕೈಯಲ್ಲಿರಲಿಲ್ಲ.

ಮಂಜಪ್ಪನವರು ಕರೆಯುತ್ತಲೇ ಇದ್ದರು. ಕೈ ಸೋತಿರಬೇಕು, ತಪ್ಪುಗಳು ಶುರುವಾದವು. ಡ್ಯಾಶ್ ಎನ್ನುವ ಉದ್ದ ಸದ್ದುಗಳು ಎಳೆದಾಡತೊಡಗಿದವು. ಒಂದು ಅಕ್ಷರ ಇನ್ನೊಂದಕ್ಕೆ ತಾಗಿ ‘ಶ್ರೀಪಾದ’ ಎಂಬುದು ಏನೇನೋ ಆಯಿತು.

ಒಳಗಿಂದ ಕುರ್ಚಿ ಸರಿದ ಸದ್ದು. ರಾಯರು ಬಿರಬಿರನೆ ಬಂದು, ನನ್ನನ್ನು ಕೈಯಲ್ಲೇ ಪಕ್ಕಕ್ಕೆ ಸರಿಸಿ ಕೂತು, ಸದ್ದು ಒತ್ತುವ ಮೋರ್ಸ್ ಕೀಲಿಯ ಮೇಲೆ ಬೆರಳಿಟ್ಟರು. ನಿಯಮದಂತೆ ಕರೆಗುರುತು ಕೊಟ್ಟು ಒತ್ತಿದ ಮೊದಲ ವಾಕ್ಯ ಇದು: “ನಿನ್ನ ಡ್ಯಾಶ್ ಇನ್ನೂ ಉದ್ದ. ಎಷ್ಟು ಸಲ ಹೇಳುವುದು?”

ಆ ಕಡೆಯಿಂದ ಉತ್ತರ ಬಂತು: “ಕೇಳಿತು. ಇನ್ನೂ ಬೈ.”

ಸುಶೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು, “ಎಂತ ಹೇಳ್ತಿದಾರೆ?” ಎಂದು ನನ್ನ ಕಿವಿಯಲ್ಲಿ ಕೇಳಿದರು. ನಾನು ಪಿಸುಮಾತಿನಲ್ಲಿ ಹೇಳುತ್ತ ಹೋದೆ. ಗೆಳೆಯರಿಬ್ಬರ ಕೈ ವೇಗ ಹಿಡಿದಂತೆ ಅರ್ಧ ನನಗೂ ತಪ್ಪಿತು. ಚಿಕಿತ್ಸೆಯ ಮಾತು ಬಂದಾಗ ಮಾತ್ರ ಇಬ್ಬರೂ ನಿಧಾನವಾದರು.

“ಹೋಗಿ ಏನು ಮಾಡಲಿ? ಸ್ವರ ಬರುವುದಿಲ್ಲ.”

“ಸ್ವರ ಯಾರಿಗೆ ಬೇಕು? ನನಗೆ ನಿನ್ನ ಕೈ ಸಾಕು. ನೀನೇ ಇಲ್ಲದಿದ್ದರೆ ನಾನು ಯಾರ ಹತ್ತಿರ ಮಾತಾಡಲಿ?”

ರಾಯರು ಒತ್ತಿದ್ದು ಎರಡೇ ಅಕ್ಷರ, ಓ ಮತ್ತು ಕೆ. ಸುಶೀಲಮ್ಮನವರಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ರಾಯರು ಅವರ ಕಡೆ ತಿರುಗಿ ತಲೆಯಾಡಿಸಿದ್ದರು.

ಸೋಮವಾರ ಅವರು ಆಸ್ಪತ್ರೆಗೆ ಹೋದರು. ಚಿಕಿತ್ಸೆ ಮುಗಿಸಿಕೊಂಡು ಬಂದರು. ಬಹಳ ಬಳಲಿದ್ದರೂ ಬಂದ ದಿನವೇ ಕೀಲಿಯ ಮುಂದೆ ಕೂತರಂತೆ. ಈಗಲೂ ಇಬ್ಬರೂ ಚೆನ್ನಾಗಿದ್ದಾರೆ. ಬೆಳಿಗ್ಗೆ ನನ್ನ ರೇಡಿಯೋ ಹಚ್ಚಿದರೆ ಅವರ ಜಗಳ ನನಗೂ ಕೇಳಿಸುತ್ತದೆ.

ಆ ವರ್ಷ ಬೇಸಿಗೆಯಲ್ಲಿ ಸುಶೀಲಮ್ಮ ಸಾಗರದ ಹತ್ತಿರದ ವರದಹಳ್ಳಿ ಆಶ್ರಮಕ್ಕೆ ಬಂದವರು ನಮ್ಮ ಮನೆಗೂ ಬಂದರು. ಕಾಫಿ ಕುಡಿದಾದ ಮೇಲೆ ಸ್ವಲ್ಪ ಸಂಕೋಚದಿಂದಲೇ, “ನಂಗೂ ಆ ಟಿಕ್ ಟಾ ಕಲಿಸ್ಕೊಡಿ” ಎಂದರು.

“ಲೈಸೆನ್ಸ್ ಪರೀಕ್ಷೆ ಬರೆಯುತ್ತೀರಾ?”

“ಪರೀಕ್ಷೆ ಯಾರಿಗೆ ಬೇಕು? ಊಟಕ್ಕೆ ಕೂತಾಗ ಅವ್ರು ಬೆರಳಲ್ಲಿ ಟೇಬಲ್ ಕುಟ್ತಾನೇ ಇರ್ತಾರೆ. ಮಂಜಪ್ಪನೋರಿಗೆ ಮಾತ್ರ ಅರ್ಥ ಆದ್ರೆ ಸಾಕಾ? ನಾನು ಎದುರಿಗೇ ಕೂತಿರ್ತೀನಿ.”

ಕಲಿಸಿದೆ. ಮೊದಲು ಉಪ್ಪು, ನೀರು, ಸಾಕು, ಆಮೇಲೆ ಉಳಿದದ್ದು.

ಆಂಟೆನಾ ಬೇಕೆಂದು ಬರುವವರು ಇವತ್ತಿಗೂ ನನ್ನನ್ನು ಮೊದಲು ಕೇಳುವುದು ಎಷ್ಟು ಎತ್ತರ, ಎಷ್ಟು ದೂರ ಹೋಗುತ್ತದೆ ಎಂದೇ. ನಾನು ಅಳತೆಯ ಟೇಪನ್ನು ಪಕ್ಕಕ್ಕಿಟ್ಟು, ನೀವು ಯಾರ ಹತ್ತಿರ ಮಾತಾಡಬೇಕು ಎಂದು ಕೇಳುತ್ತೇನೆ. ದೂರದವರಿಗೆ ಮುಟ್ಟುವ ಆಂಟೆನಾ ಅಂಗಡಿಯಲ್ಲಿ ಸಿಗುತ್ತದೆ. ಹತ್ತಿರದವರಿಗೆ ಮುಟ್ಟಬೇಕಾದರೆ ಅವರು ಯಾವ ಗುಡ್ಡದ ಆಚೆ ಇದ್ದಾರೆಂದು ಹೋಗಿ ನೋಡಿಯೇ ತಂತಿ ಕಟ್ಟಬೇಕು.