ಮಗಳು ಗೋಡೆ ಹತ್ತಿದ ಭಾನುವಾರಗಳು

ಆ ಫಾರಂ ನನ್ನ ಬ್ಯಾಗಿನಲ್ಲಿ ಹನ್ನೆರಡು ದಿನ ಇತ್ತು. ಕೊಟ್ಟವರು ಆಸ್ಪತ್ರೆಯ ಆಪ್ತ ಸಲಹೆಗಾರ್ತಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಹದಿಹರೆಯದವರಿಗೆ ಪ್ರತಿ ಭಾನುವಾರ ಬೆಳಿಗ್ಗೆ ಕೆಂಗೇರಿ ಹತ್ತಿರದ ಮೈದಾನವೊಂದರಲ್ಲಿ ಗೋಡೆ ಹತ್ತುವುದನ್ನು ಕಲಿಸುತ್ತಾರಂತೆ. ಡಾಕ್ಟರ ಸಹಿ ಆಗಲೇ ಬಿದ್ದಿತ್ತು. ಅದರ ಕೆಳಗಿನ ಗೆರೆ ನನ್ನದು. ಆ ಗೆರೆಯನ್ನು ನಾನು ಖಾಲಿ ಬಿಟ್ಟಿದ್ದೆ.

ಹದಿಮೂರನೆಯ ದಿನ ಸಲಹೆಗಾರ್ತಿ ಫೋನ್ ಮಾಡಿದರು. ನಾನು ರಾಜಾಜಿನಗರದ ನಮ್ಮ ಸಹಕಾರ ಸಂಘದ ಆಫೀಸಿನಲ್ಲಿದ್ದೆ. ಕಾರಿಡಾರಿಗೆ ಬಂದು, ದನಿ ತಗ್ಗಿಸಿ ಹೇಳಿದೆ: "ಅವಳಿಗೆ ಇಷ್ಟ ಇಲ್ವಂತೆ ಮೇಡಂ."

ಅವಳನ್ನು ನಾನು ಕೇಳಿಯೇ ಇರಲಿಲ್ಲ.

ಮಗಳಿಗೆ ಆಗ ಹದಿನಾರು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಕಷ್ಟದ ಹಂತ ಮುಗಿದು, ದಿನವೂ ಮಾತ್ರೆ, ತಿಂಗಳಿಗೊಮ್ಮೆ ಆಸ್ಪತ್ರೆ ಅನ್ನುವ ಹಂತಕ್ಕೆ ಬಂದಿದ್ದೆವು. ಒಂದು ಔಷಧಿ ಅವಳ ಪಾದದ ಶಕ್ತಿಯನ್ನು ತಿಂದುಹಾಕಿತ್ತು. ನಡೆಯುವಾಗ ಎಡಗಾಲಿನ ಬೆರಳು ನೆಲಕ್ಕೆ ತಾಗುತ್ತಿತ್ತು. ಹಿಂದೆ ಒಮ್ಮೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದಿದ್ದಳು. ಪ್ಲೇಟ್‌ಲೆಟ್ ಕಮ್ಮಿ ಇದ್ದ ದಿನಗಳು ಅವು. ಸೊಂಟದಿಂದ ತೊಡೆಯವರೆಗೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅದಾದ ಮೇಲೆ ಕೆಂಗೇರಿ ಕಡೆಯ ಉಲ್ಲಾಳದ ನಮ್ಮ ಮನೆಯ ಮೇಜು, ಮಂಚ, ಕಟ್ಟೆ ಎಲ್ಲದರ ಮೂಲೆಗೂ ಸ್ಪಂಜು ಅಂಟಿಸಿದೆ. ಅವಳು ಓದುತ್ತಾ ಕೂತಿದ್ದರೆ ಗಂಟೆಗೊಮ್ಮೆ ಹೋಗಿ ಹಣೆ ಮುಟ್ಟುತ್ತಿದ್ದೆ. "ಅಮ್ಮ, ಬಿಸಿ ಇಲ್ಲ," ಅನ್ನುತ್ತಿದ್ದಳು, ಪುಸ್ತಕದಿಂದ ತಲೆ ಎತ್ತದೆ. ಅಂಥವಳನ್ನು ಗೋಡೆ ಹತ್ತಿಸುತ್ತಾರಂತೆ!

ನನ್ನ ಸುಳ್ಳು ಒಂದು ವಾರವೂ ಬಾಳಲಿಲ್ಲ. ರಕ್ತ ಪರೀಕ್ಷೆಗೆ ಹೋದ ದಿನ ನಮ್ಮ ಪಕ್ಕ, ವಾರ್ಡಿನಲ್ಲಿ ಮಗಳಿಗೆ ಪರಿಚಯವಾಗಿದ್ದ ಹೆಗ್ಗನಹಳ್ಳಿಯ ಒಂದು ಹುಡುಗಿ ಕೂತಿದ್ದಳು. ಹತ್ತೊಂಬತ್ತು ವರ್ಷ ಇರಬಹುದು, ತಲೆಯಲ್ಲಿ ಆಗಷ್ಟೇ ಚಿಗುರಿದ ಕೂದಲು.

"ನೀನ್ಯಾಕೆ ಕ್ಲೈಂಬಿಂಗ್‌ಗೆ ಬರಲ್ಲ ಕಣೇ? ನಿಂಗಿಷ್ಟ ಇಲ್ಲ ಅಂತ ನಿಮ್ಮಮ್ಮ ಕೌನ್ಸೆಲರ್ ಮೇಡಂಗೆ ಅಂದ್ರಂತೆ?" ಎಂದು ನನ್ನ ಮಗಳನ್ನು ಕೇಳಿಯೇ ಬಿಟ್ಟಳು.

ಮಗಳು ನನ್ನ ಕಡೆ ನೋಡಿದಳು. ನಾನು ಫೈಲಿನ ಹಾಳೆ ಜೋಡಿಸತೊಡಗಿದೆ.

ಮನೆಗೆ ಮರಳುವ ಆಟೋ ದೀಪಾಂಜಲಿ ನಗರ ದಾಟುವಾಗ ಕೇಳಿದಳು: "ನನ್ ಪರವಾಗಿ ನೀನ್ಯಾಕಮ್ಮ ಬೇಡ ಅಂದೆ?"

"ನಿನ್ನ ಒಳ್ಳೇದಕ್ಕೇ ಕಣೇ."

"ಎರಡು ವರ್ಷದಿಂದ ಎಲ್ರೂ ನನ್ನ ಒಳ್ಳೇದಕ್ಕೇ ಮಾಡ್ತಾ ಇದೀರ. ಒಂದ್ಸಲನಾದ್ರೂ ನನ್ನ ಕೇಳಿದೀಯಾ?"

ಮೂರು ದಿನ ನನ್ನ ಜೊತೆ ಮಾತಿಲ್ಲ. ಉಪ್ಪು ಬೇಕಾದರೂ ಅಪ್ಪನನ್ನೇ ಕೇಳುತ್ತಿದ್ದಳು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ನನ್ನ ಗಂಡ ಮೊದಲೇ ಮಾತು ಕಮ್ಮಿ. ಮೂರನೇ ದಿನ ಶೂ ಲೇಸ್ ಕಟ್ಟುತ್ತಾ ಅಂದರು, "ಕಳಿಸೋಣ."

"ಬಿದ್ರೆ ಎತ್ಕೊಂಡು ಆಸ್ಪತ್ರೆಗೆ ಓಡೋಳು ನಾನು!"

"ಹೌದು. ಅದಕ್ಕೇ ನಿನ್ನನ್ನ ಕೇಳ್ತಾ ಇರೋದು."

ಸಹಿ ಹಾಕಿದೆ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ತೂತಾಯಿತು.

ಮೊದಲ ಭಾನುವಾರ ಬಸ್ಸಿನಲ್ಲಿ ಇಬ್ಬರೇ ಹೋದೆವು. ಮೂರಂತಸ್ತಿನ ಮನೆಯಷ್ಟು ಎತ್ತರದ ಹಲಗೆ ಗೋಡೆ, ಮೈತುಂಬ ಹಿಡಿದು ಹತ್ತಲು ಬಣ್ಣಬಣ್ಣದ ಗುಬುಟುಗಳು. ಕಲಿಸುವಾಕೆ ಮೂವತ್ತರ ಆಸುಪಾಸಿನ ಹೆಂಗಸು, ಹಿಡಿತ ಜಾರದಿರಲೆಂದು ಅಂಗೈಗೆಲ್ಲ ಬಿಳಿ ಪುಡಿ. ಹಗ್ಗದ ಒಂದು ತುದಿ ಹತ್ತುವವರ ಸೊಂಟದ ಪಟ್ಟಿಗೆ. ಅಲ್ಲಿಂದ ಹಗ್ಗ ಗೋಡೆಯ ನೆತ್ತಿಯ ಬಳೆಯೊಳಗೆ ತೂರಿ ಕೆಳಗಿಳಿದು ಕಲಿಸುವವಳ ಸೊಂಟಕ್ಕೆ. ಕೈ ಬಿಟ್ಟರೂ ಹಗ್ಗ ಹಿಡಿಯುತ್ತದೆ ಎಂದು ತೋರಿಸಿದಳು. ನಾನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಔಷಧಿ ಹಾಕಲು ಮಗಳ ಎದೆಯ ಚರ್ಮದಡಿ ಕೂರಿಸಿರುವ ಪುಟ್ಟ ಬಿಲ್ಲೆಗೆ ಪಟ್ಟಿ ಒತ್ತುವುದಿಲ್ಲವೇ? ಕಾಲು ಸ್ವಾಧೀನದಲ್ಲಿಲ್ಲ, ಗೊತ್ತೇ? "ಪಟ್ಟಿ ಸೊಂಟಕ್ಕೆ, ತೊಡೆಗೆ ಅಷ್ಟೇ ಆಂಟಿ. ಫಾರಂ ಪೂರ್ತಿ ಓದಿದೀನಿ," ಅಂದಳು.

ಆಮೇಲೆ ಹೊಸದಾಗಿ ಸೇರಿದ ಮಕ್ಕಳ ಕಡೆ ತಿರುಗಿ, "ಇವತ್ತು ಮೊದಲು ಕಲಿಯೋದು ಕೈ ಬಿಡೋದು," ಎಂದಳು. ನಾನು ಮಗಳ ಸೊಂಟದ ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿದೆ.

ಮಗಳ ಸರದಿ ಬಂತು. ಎಡಗಾಲು ಗುಬುಟು ಮುಟ್ಟುವ ಮೊದಲೇ ಜಾರುತ್ತಿತ್ತು. ಪ್ಯಾಂಟಿನ ಬಟ್ಟೆ ಹಿಡಿದು ಕಾಲನ್ನು ತಾನೇ ಎತ್ತಿ ಇಟ್ಟುಕೊಂಡಳು. ಎರಡಾಳೆತ್ತರ ಹೋಗಿ ನಿಂತುಬಿಟ್ಟಳು. ಮೀನಖಂಡ ಗಡಗಡ ನಡುಗುವುದು ನನಗೆ ಕೆಳಗಿನಿಂದಲೇ ಕಾಣುತ್ತಿತ್ತು.

"ಸಾಕು, ಇಳಿಸಿ! ಅವಳ ಕೈಲಿ ಆಗಲ್ಲ!" ಅಂತ ಕಿರುಚಿದೆ. ಇಡೀ ಮೈದಾನ ತಿರುಗಿ ನೋಡಿತು.

ಕಲಿಸುವಾಕೆ ಗೋಡೆಯಿಂದ ಕಣ್ಣು ಕೀಳಲಿಲ್ಲ. "ಇಳಿಸಿ ಅಂತ ಅವಳು ಹೇಳಿಲ್ಲ ಆಂಟಿ."

ಮೇಲಿನಿಂದ ದನಿ ಬಂತು. "ಅಮ್ಮಾ, ನೀನು ಆಚೆ ಹೋಗು."

ಹೋದೆ. ಗೇಟಿನಾಚೆ ಕಲ್ಲಿನ ಮೇಲೆ ಹೆಗ್ಗನಹಳ್ಳಿ ಹುಡುಗಿಯ ತಂದೆ ಪೇಪರ್ ಹಿಡಿದು ಕೂತಿದ್ದರು. ಬಡಗಿ ಕೆಲಸದವರು. "ಬನ್ನಿ, ಕೂತ್ಕೊಳಿ. ಮೂರು ವಾರದಿಂದ ನಂಗೂ ಇಲ್ಲೇ ಜಾಗ," ಅಂದರು.

"ಪೇಪರ್ ಓದೋಕಾಗುತ್ತಾ ನಿಮಗೆ?"

"ಎಲ್ಲಿ ಓದ್ತೀನಿ? ಹಿಡ್ಕೊಂಡಿರ್ತೀನಿ."

ಇಬ್ಬರೂ ಗೋಡೆಗೆ ಬೆನ್ನು ಹಾಕಿ ಕೂತೆವು. ಒಳಗೆ ಯಾರಾದರೂ ಕೂಗಿದಾಗಲೆಲ್ಲ ಇಬ್ಬರೂ ಒಟ್ಟಿಗೇ ತಿರುಗುತ್ತಿದ್ದೆವು. ಒಂದು ಗಂಟೆ ಕಳೆದ ಮೇಲೆ ಮಗಳು ಬಂದಳು, ಮುಖವೆಲ್ಲ ಬಿಳಿ ಪುಡಿ. "ಅರ್ಧ ಹತ್ತಿದೆ," ಎಂದಳು. ಬಸ್‌ಸ್ಟಾಪಿನ ಹತ್ತಿರದ ದರ್ಶಿನಿಯಲ್ಲಿ ನಾಲ್ಕು ಇಡ್ಲಿ ತಿಂದಳು. ಎಷ್ಟೋ ತಿಂಗಳಿಂದ ಎರಡರ ಮೇಲೆ ತಿಂದದ್ದಿಲ್ಲ.

ಮೂರನೇ ಭಾನುವಾರ ಅಂಗೈ ತರಚಿಕೊಂಡು ಬಂದಳು. ಮಂಗಳವಾರ ಮಧ್ಯಾಹ್ನ ಆಫೀಸಿಗೆ ಫೋನ್ ಬಂತು. "ಅಮ್ಮ, ನೂರಾ ಒಂದು ತೋರಿಸ್ತಾ ಇದೆ."

ಜ್ವರ ಬಂದರೆ ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆ. ಅದು ನಮಗೆ ಬಾಯಿಪಾಠ. ಅಂದು ಮನೆಯಲ್ಲೇ ಇದ್ದ ಗಂಡ ಅವಳನ್ನು ಕರೆದುಕೊಂಡು ಹೊರಟರು, ನಾನು ಆಫೀಸಿನಿಂದ ಆಟೋ ಹಿಡಿದೆ. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಕಲಿಸುವಾಕೆಗೆ ಫೋನ್ ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿಮ್ಮ ಗೋಡೆಯಿಂದಲೇ ಬಂದದ್ದು, ನನ್ನ ಮಗಳಿಗೆ ಏನಾದರೂ ಆದರೆ ನೀವು ಹೊಣೆ ಎಂದೆ. ಎಲ್ಲ ಕೇಳಿಸಿಕೊಂಡು ಅವಳು ಒಂದೇ ಮಾತು ಕೇಳಿದಳು. "ಈಗ ಹೇಗಿದಾಳೆ?"

ಮೂರು ದಿನ ಡ್ರಿಪ್ಪಿನಲ್ಲಿ ಆ್ಯಂಟಿಬಯಾಟಿಕ್ ಹೋಯಿತು. ತರಚಿದ ಅಂಗೈಯನ್ನು ನಾನು ಡಾಕ್ಟರಿಗೆ ಮತ್ತೆ ಮತ್ತೆ ತೋರಿಸಿದೆ. ಗಾಯ ಆಗಲೇ ಒಣಗಿತ್ತು. ಪರೀಕ್ಷೆಗೆ ಕಳಿಸಿದ ರಕ್ತದಲ್ಲೂ ಯಾವ ಕ್ರಿಮಿಯೂ ಬೆಳೆಯಲಿಲ್ಲ. "ವೈರಲ್ ಅನಿಸುತ್ತೆ. ಮನೇಲಿ ಯಾರಿಗಾದ್ರೂ ನೆಗಡಿ ಇತ್ತಾ?" ಎಂದು ಡಾಕ್ಟರು ಕೇಳಿದರು.

ನನಗಿತ್ತು. ಧೂಳಿನ ಅಲರ್ಜಿ ಎಂದುಕೊಂಡು ಮಾತ್ರೆ ನುಂಗಿ ಒಂದು ವಾರ ತಳ್ಳಿದ್ದೆ. ಮೂಗು ಒರೆಸಿದ ಕೈಯಲ್ಲೇ ಗಂಟೆಗೊಮ್ಮೆ ಅವಳ ಹಣೆ ಮುಟ್ಟಿದ್ದೆ.

"ನಂಗಿತ್ತು," ಅಂದೆ. ಮಗಳು ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ. "ಮಾಸ್ಕ್ ಹಾಕ್ಕೋಬೇಕಿತ್ತು ನೀನು," ಎಂದಳು, ಅಷ್ಟೇ.

ಮನೆಗೆ ಬಂದ ಮೇಲೆ ಕಲಿಸುವಾಕೆಗೆ ಫೋನ್ ಮಾಡಿ ತಪ್ಪಾಯಿತು ಎಂದೆ. "ಇರ್ಲಿ ಬಿಡಿ ಆಂಟಿ. ಡಾಕ್ಟರು ಹೂಂ ಅಂದಮೇಲೆ ಬನ್ನಿ. ಆದ್ರೆ ನೀವು ಆಚೆ ಕೂರಬೇಡಿ, ನಿಮಗೊಂದು ಕೆಲಸ ಕೊಡ್ತೀನಿ."

ಎರಡು ವಾರ ಬಿಟ್ಟು ಹೋದಾಗ ಆ ಕೆಲಸ ತಿಳಿಯಿತು. ಮಗಳ ಹಗ್ಗ ಹಿಡಿಯುವುದು ಕಲಿಸುವಾಕೆಯೇ. ಅವಳ ಹಿಂದೆ ನಿಂತು, ಅವಳ ಕೈಯಿಂದ ಹೊರಬೀಳುವ ಹಗ್ಗದ ಬಾಲ ಹಿಡಿಯುವುದು ನಾನು. ಅವಳ ಕೈ ತಪ್ಪಿದರೆ ನನ್ನ ಕೈ. ತಪ್ಪುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅಂಗೈ ಬೆವೆತು ಹಗ್ಗ ಒದ್ದೆಯಾಯಿತು. ಮಗಳು ಹತ್ತಿದಂತೆಲ್ಲ ಹಗ್ಗ ಸಡಿಲಾಗಿ, ನನ್ನ ಮುಂದೆ ನಿಂತಾಕೆ ಸೆಳೆದು ಬಿಟ್ಟದ್ದು ನನ್ನ ಕೈಗೆ ಬರುತ್ತಿತ್ತು. ಕತ್ತೆತ್ತಿ ನೋಡಲು ಧೈರ್ಯ ಬರದೆ ಹಗ್ಗವನ್ನೇ ನೋಡುತ್ತಾ ನಿಂತೆ.

ಒಮ್ಮೆಲೇ ಹಗ್ಗ ಬಿಗಿಯಿತು. ಮುಂದಿನಾಕೆ ಅರ್ಧ ಹೆಜ್ಜೆ ಎಳೆದುಕೊಂಡು ಹೋದಳು. ತಲೆ ಎತ್ತಿದರೆ ಮಗಳು ಗಾಳಿಯಲ್ಲಿ ತೂಗಾಡುತ್ತಾ, "ಥೂ, ಇದರಜ್ಜಿ!" ಎಂದು ಆ ಗುಬುಟಿಗೆ ಬೈಯುತ್ತಿದ್ದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಮತ್ತೆ ಗೋಡೆಗೆ ಅಂಟಿಕೊಂಡಳು. ನಾನು ಹಗ್ಗ ಬಿಟ್ಟಿರಲಿಲ್ಲ; ಬೆರಳು ಬಿಡಿಸಲು ಆಮೇಲೆ ಸ್ವಲ್ಪ ಹೊತ್ತು ಬೇಕಾಯಿತು.

ಆ ಬ್ಯಾಚ್ ಮುಗಿಯುವವರೆಗೂ ಅವಳಿಗೆ ಗೋಡೆಯ ನೆತ್ತಿ ಸಿಗಲಿಲ್ಲ. ಮುಂದಿನ ಬ್ಯಾಚಿನಲ್ಲಿ ಸಿಕ್ಕಿತು. ಅಂದು ನಾನು ಆಫೀಸಿನ ಯಾವುದೋ ಕೆಲಸಕ್ಕೆ ಹೋಗಿದ್ದೆ, ನೋಡಲಾಗಲಿಲ್ಲ. ಮರುವರ್ಷ ಮಾತ್ರೆಗಳು ನಿಂತವು. ಈಗ ಪಿಯುಸಿ ಓದುತ್ತಿದ್ದಾಳೆ. ಭಾನುವಾರ ಹೊಸ ಮಕ್ಕಳಿಗೆ ಪಟ್ಟಿ ಕಟ್ಟಲು ಒಬ್ಬಳೇ ಹೋಗುತ್ತಾಳೆ. ಎಡಗಾಲು ಪೂರ್ತಿ ಸರಿಹೋಗಿಲ್ಲ. ರಕ್ತ ಪರೀಕ್ಷೆಯ ಹಿಂದಿನ ದಿನದಿಂದ ನನಗೆ ಅನ್ನ ಇಳಿಯುವುದಿಲ್ಲ.

ಕಳೆದ ತಿಂಗಳು ಹೆಗ್ಗನಹಳ್ಳಿ ಹುಡುಗಿಗೆ ಕಾಯಿಲೆ ಮರುಕಳಿಸಿತು. ಸುದ್ದಿ ಬಂದ ಸಂಜೆ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಮಗಳು ಬಂದು ಪಕ್ಕದಲ್ಲಿ ಕೂತಳು.

"ಅಮ್ಮ, ಅವಳಿಗೆ ವಾಪಸ್ ಬಂತು ಅಂದ್ರೆ ನಂಗೂ ಬರಬಹುದು ಅಲ್ವಾ?"

ಬಿಡ್ತು ಅನ್ನು ಎಂದು ಬಾಯಿ ಮುಚ್ಚಿಸುವುದು ನನ್ನ ಅಭ್ಯಾಸ. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

"ಬರಬಹುದು," ಅಂದೆ. "ನಂಗೆ ದಿನಾ ಭಯ ಆಗುತ್ತೆ."

"ನಂಗೂ," ಎಂದಳು. ಒಂದು ಹಿಡಿ ಅವರೆಕಾಯಿ ತನ್ನ ಕಡೆ ಎಳೆದುಕೊಂಡು ಸುಲಿಯತೊಡಗಿದಳು. ಇಬ್ಬರೂ ಸುಲಿದು ಪಾತ್ರೆ ತುಂಬಿಸಿದೆವು. ಆಮೇಲೆ ಎದ್ದು ಕೈ ತೊಳೆದು, ನಾಳೆ ಕಾಲೇಜು ಮುಗಿಸಿ ಅವಳನ್ನು ನೋಡಲು ಆಸ್ಪತ್ರೆಗೆ ಹೋಗ್ತೀನಿ, ನೀನೂ ಬರ್ತೀಯಾ ಎಂದು ಕೇಳಿದಳು. ಬರ್ತೀನಿ ಅಂದೆ.