ಹಿತ್ತಲಿನ ಮೂರು ದಿನ

ಮೊನ್ನೆ ಔಷಧಿ ಅಂಗಡಿಯಲ್ಲಿ ನನ್ನ ಮುಂದಿದ್ದ ಹುಡುಗಿಗೆ ಅಂಗಡಿಯಾಕೆ ಒಂದೇ ಗುಳಿಗೆಯ ಪುಟ್ಟ ಡಬ್ಬಿ ಕೊಟ್ಟಳು. "ಮೂರ ದಿನದೊಳಗ ತಗೋಬೇಕವಾ. ಎಷ್ಟ ಲಗೂ ತಗೊಂಡ್ರ ಅಷ್ಟ ಚಲೋ. ಡಾಕ್ಟರ್ ಚೀಟಿ ಬ್ಯಾಡ." ಬಸಿರು ನಿಲ್ಲದಂತೆ, ಕೂಡಿದ ಮೇಲೆ ನುಂಗುವ ಗುಳಿಗೆ. ನನಗೆ ಬೈಲಹೊಂಗಲದ ವೈನಿ ನೆನಪಾದಳು...

ಎಪ್ಪತ್ತರ ದಶಕದ ಮಾತು. ಪಕ್ಕದ ಭಟ್ಟರ ಮನೆಯ ಸೊಸೆ, ಓಣಿಗೆಲ್ಲ ವೈನಿ, ಅಂದರೆ ಅತ್ತಿಗೆ. ನನಗೆ ಆರು ವರ್ಷದಲ್ಲಿ ನಾಲ್ಕು ಮಕ್ಕಳು, ಆಕೆಗೆ ಎರಡೇ. ನಾನು ಕೂಸಿನ ಬಟ್ಟೆ ಹಿಂಡುವಾಗ ಆಕೆ ಮಾಸ್ತರಿಕೆಯ ಪರೀಕ್ಷೆಗೆ ಓದುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ಉರಿಯುತ್ತಿತ್ತು.

ಆ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಹಿತ್ತಲಲ್ಲಿ ಕಡಿಗೆ, ಎಲ್ಲರಿಂದ ದೂರ, ಕೂಡಬೇಕು. ಯಾರೂ ಮುಟ್ಟುವುದಿಲ್ಲ, ಕೆಲಸ ಹೇಳುವುದಿಲ್ಲ, ಆ ಕಡೆ ಹಾಯುವುದೂ ಇಲ್ಲ. ವೈನಿ ಓದುತ್ತಿದ್ದದ್ದು ಆಗಲೇ. ಒಮ್ಮೆ ಮೂರನೆಯ ದಿನ ಹಿತ್ತಲ ಬಾಗಿಲಿನಿಂದಲೇ ದವಾಖಾನೆಗೆ ಹೋಗಿ, ಬಸಿರಾಗದಂತೆ ಗರ್ಭದೊಳಗೆ ಇಡುವ ವಂಕಿ ಹಾಕಿಸಿಕೊಂಡು ಬಂದಳು. ಗೋಡೆಯಾಚೆಯಿಂದ ನನ್ನನ್ನೂ ಕರೆದಳು. "ಮುಂದಿನ ತಿಂಗಳ ನೀನೂ ಬಾ. ನರ್ಸಬಾಯಿಗೆ ನಾ ಹೇಳ್ತೇನಿ. ಯಾರ ಮುಂದೂ ಆಡಬ್ಯಾಡ."

ನನ್ನ ಗಂಡ ಒಪ್ಪುವವನಲ್ಲ. ಆಕೆಗೆ ದಕ್ಕಿದ್ದು ನನಗಿಲ್ಲ ಎಂಬುದು ಒಳಗೇ ಕೊರೆಯಿತು. ಹೂವು ಕೊಡುವ ನೆಪದಲ್ಲಿ ಆಕೆಯ ಅತ್ತೆಯ ಹತ್ತಿರ ಹೋದೆ. "ಕಾಕೂ, ವೈನಿ ಕಡಿಗೆ ಕೂತಾಗ ದವಾಖಾನಿಗೆ ಹೋಗಿದ್ರಲ್ಲ, ಆರಾಮ ಅದಾರಿಲ್ಲೊ?" ಅಷ್ಟೇ ಅಂದೆ. ಅತ್ತೆ ವೈನಿಯ ಬಾಯಿ ಬಿಡಿಸಿ, ಮರುದಿನವೇ ಕರೆದೊಯ್ದು ವಂಕಿ ತೆಗೆಸಿದರು.

ಪರೀಕ್ಷೆಗೆ ಇನ್ನೂ ಐದಾರು ತಿಂಗಳಿರುವಾಗ ವೈನಿ ಗೋಡೆಯ ಹತ್ತಿರ ಬಂದಳು. ಮುಖ ಬಿಳಿಚಿತ್ತು. "ನನ್ನ ಹೊರಗ ಬಿಡವಲ್ಲರು. ಕೂಡಿದ ಮ್ಯಾಲ ತಗೊಳ್ಳೋ ಗುಳಿಗಿ ಏನರ ಅದ ಏನ, ನರ್ಸಬಾಯಿಗೆ ಕೇಳ್ಕೊಂಡ ಬಾ." ಹೋಗಿ ಕೇಳಿದೆ. ಅಂಥದ್ದು ತಮ್ಮಲ್ಲಿ ಏನೂ ಇಲ್ಲವೆಂದರು. ಮನೆಗೆ ಬರುವಾಗ ನನಗೆ ದುಃಖವಾಗಬೇಕಿತ್ತು... ಹಗುರಾಗಿತ್ತು.

ಆಕೆಗೆ ಮೂರನೆಯ ಬಸಿರು ನಿಂತಿತು. ವೈನಿ ಪರೀಕ್ಷೆಗೆ ಕೂಡಲೇ ಇಲ್ಲ. ಗಂಡನಿಗೆ ರಾಮದುರ್ಗಕ್ಕೆ ವರ್ಗವಾಗಿ ಹೊರಟ ದಿನ ನನ್ನ ಕೈ ಹಿಡಿದಳು. "ನನ್ನ ಸಲುವಾಗಿ ಹೋಗಿ ಕೇಳಿದಾಕಿ ನೀ ಒಬ್ಬಾಕಿನ."

ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹುಡುಗಿ ಸ್ಕೂಟರ್ ಹತ್ತಿದಳು. ಈ ವಯಸ್ಸಿನಲ್ಲೂ ಅವಳನ್ನು ಕಂಡು ಹೊಟ್ಟೆ ಉರಿಯಿತು. ವೈನಿ ಕಳೆದ ವರ್ಷ ತೀರಿಕೊಂಡಳಂತೆ. ಇದ್ದಿದ್ದರೆ ರಾಮದುರ್ಗದ ಬಸ್ಸು ಹತ್ತಿ ಹೋಗಿ, ನೀವು ಕೇಳಿದ ಗುಳಿಗೆ ಬಂದಿದೆ ನೋಡ್ರಿ ಎನ್ನುತ್ತಿದ್ದೆ. ಅತ್ತೆಯ ಕಿವಿಗೆ ಹಾಕಿದವಳು ನಾನೇ ಎಂದೂ ಹೇಳುತ್ತಿದ್ದೆನೇ... ಗೊತ್ತಿಲ್ಲ.