ಲಕ್ಕವ್ವನ ಒತ್ತಕ್ಷರ

ಹೋದ ವಾರ ನಮ್ಮ ಅಂಗಡಿಗೆ ಹೊಸ ಲ್ಯಾಪ್‌ಟಾಪ್ ಬಂತು. ಅದರಲ್ಲಿ ಸ್ಕ್ರೀನ್‌ಶಾಟ್ ತೆಗೆಯುವ ಕೀಲಿ ಒತ್ತಿದರೆ ಪರದೆಯೆಲ್ಲ ಮಬ್ಬಾಗಿ, ಬಾಣದ ಜಾಗದಲ್ಲಿ ಸಣ್ಣದೊಂದು ಕೂಡಿಸುವ ಗುರುತು ಬರುತ್ತದೆ. ಬೇಕಾದಷ್ಟಕ್ಕೆ ಚೌಕ ಎಳೆದರೆ ಅಷ್ಟೇ ಭಾಗ ಚಿತ್ರವಾಗಿ ನಿಲ್ಲುತ್ತದೆ. ಎಲ್ಲರೂ ಮಾಡುವ ಕೆಲಸ. ನಾನು ಮಾತ್ರ ಚೌಕ ಎಳೆಯುವಾಗ ಕೆಳಗೆ ಎರಡು ಬೆರಳು ಜಾಗ ಹೆಚ್ಚೇ ಬಿಡುತ್ತೇನೆ. ಗಿರಾಕಿಗಳು, "ಕೆಳಗ ಇಷ್ಟ್ಯಾಕ ಖಾಲಿ ಬಿಟ್ಟೀರಿ?" ಎಂದು ಕೇಳುತ್ತಾರೆ. "ಇರ್ಲಿ ಬಿಡ್ರಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ, ಹೇಳುತ್ತೇನೆ.

ನಮ್ಮದು ಸೊಲ್ಲಾಪುರದಲ್ಲಿ ಅಕ್ಷರ ಜೋಡಿಸುವ ಸಣ್ಣ ಅಂಗಡಿ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ತಿಥಿಯ ಕಾಗದ, ಅಂಗಡಿಯ ಬೋರ್ಡು, ಇಂಥವು. ತೊಂಬತ್ತು ಪಾಲು ಮರಾಠಿ. ಉಳಿದ ಹತ್ತು ಪಾಲು ಕನ್ನಡ ನನ್ನ ಹತ್ತಿರವೇ ಬರುತ್ತಿತ್ತು, ಯಾಕೆಂದರೆ ನಮ್ಮ ಓಣಿಯಲ್ಲಿ ಕನ್ನಡ ಟೈಪ್ ಮಾಡುವವನು ನಾನೊಬ್ಬನೇ. ಅಜ್ಜಿಯ ಮನೆಯಲ್ಲಿದ್ದು ವಾಗದರಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವನು ನಾನು. ಆಮೇಲೆ ಎಲ್ಲ ಮರಾಠಿಯೇ. ಆ ನಾಲ್ಕು ವರ್ಷದ ಕನ್ನಡದ ಮೇಲೆ ನನಗಿದ್ದ ಗರ್ವ ನೋಡಿದ್ದರೆ ನೀವು ನಗುತ್ತಿದ್ದಿರಿ. ಯಾರಾದರೂ ಕನ್ನಡದ ಕೆಲಸ ತಂದರೆ ಕನ್ನಡಕ ಏರಿಸಿ, ಕುರ್ಚಿ ಮುಂದೆಳೆದು, ದೊಡ್ಡ ಪಂಡಿತನ ಗತ್ತಿನಲ್ಲಿ ಕೂರುತ್ತಿದ್ದೆ.

ಆದರೆ ನನ್ನ ಕನ್ನಡ ಒಂದು ಹಳೆಯ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡಿತ್ತು. ಅದೇ ಫೈಲನ್ನು ಬೇರೆಯವರ ಯಂತ್ರಕ್ಕೆ ಕಳಿಸಿದರೆ ಅಕ್ಷರಗಳ ಬದಲು ಚೌಕಗಳು, ಕೊಂಡಿಗಳು, ಎಂಥದೋ ಚಿಹ್ನೆಗಳು ಕಾಣುತ್ತಿದ್ದವು. ಅದಕ್ಕೆ ಸುಲಭದ ದಾರಿಗಳಿದ್ದವು ಎಂದು ಈಗ ಗೊತ್ತು. ಆಗ ನನಗೆ ಗೊತ್ತಿದ್ದದ್ದು ಒಂದೇ: ಪ್ರಿಂಟ್ ಸ್ಕ್ರೀನ್ ಕೀಲಿ ಒತ್ತುವುದು, ಪೇಂಟ್ ತೆರೆದು ಅಂಟಿಸುವುದು, ಸುತ್ತಲಿನದನ್ನು ಕತ್ತರಿಸಿ ತೆಗೆದು ಚಿತ್ರವಾಗಿ ಕಳಿಸುವುದು. ಚಿತ್ರವಾದ ಮೇಲೆ ಅಕ್ಷರ ಎಲ್ಲಿ ಹೋದರೂ ಕೆಡುವುದಿಲ್ಲ ಎಂಬ ಧೈರ್ಯ.

ಏಳೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಕುರನೂರಿನಿಂದ ಮಾಯಪ್ಪ ಕಾಕಾ ಬಂದರು. ಕುರಿ ಸಾಕುವವರು. ಹೆಗಲ ಮೇಲೆ ಕಂಬಳಿ, ಹಣೆಯಲ್ಲಿ ದೇವರ ಅರಿಶಿನದ ಭಂಡಾರ. ಹೆಂಡತಿ ಲಕ್ಕವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಊರ ಹೊರಗಿನ ಬೀರೋಬಾನ ಗುಡಿಗೆ ಆಕೆ ಪ್ರತಿ ಭಾನುವಾರ ಕೊಡ ಹೊತ್ತು ಹೋಗಿ, ಬಂದವರಿಗೆಲ್ಲ ನೀರು ಕೊಡುತ್ತಿದ್ದಳಂತೆ. ಈಗ ಅದೇ ಜಾಗದಲ್ಲಿ ಇವರು ಒಂದು ಪಾಣಪೋಯಿ ಕಟ್ಟಿಸಿದ್ದರು. ಕುಡಿಯುವ ನೀರಿನ ಸಣ್ಣ ಕಟ್ಟೆ, ಮೇಲೊಂದು ತೊಟ್ಟಿ, ಎರಡು ನಲ್ಲಿ. ಅದರ ಮುಂದೆ ಹಚ್ಚುವ ಕಲ್ಲಿಗೆ ಅಕ್ಷರ ಬೇಕಾಗಿತ್ತು.

ಕಲ್ಲು ಕೆತ್ತುವವರು ನಮ್ಮ ಪರಿಚಯದ ಮರಾಠಿಯವರೊಬ್ಬರು. ಅವರ ಯಂತ್ರಕ್ಕೆ ಮರಾಠಿಯಾದರೆ ಸಲೀಸು. ಹಾಗೆಂದೇ ನಾನು, "ಮರಾಠಿಯಾಗ ಬರಸೂಣೇನ್ರಿ ಕಾಕಾ? ಊರಾಗ ಎಲ್ಲಾರೂ ಓದ್ತಾರ" ಎಂದೆ.

ಅವರು ಹೆಗಲ ಮೇಲಿನ ಕಂಬಳಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಆಕಿ ನನ್ನ ಜೋಡಿ ಕನ್ನಡದಾಗ ಜಗಳಾಡ್ಯಾಳ್ರಿ. ಕುರಿಗೋಳಿಗಿ ಕನ್ನಡದಾಗ ಬೈದಾಳ. ಮರಾಠಿಯಾಗ ಬರದ್ರ ಬ್ಯಾರೆ ಯಾರೋ ಅನಿಸ್ತೈತಿ. ನನಗ ಓದಾಕ ಬರಂಗಿಲ್ಲ, ಖರೆ. ಆದ್ರ ಅಲ್ಲಿ ಆಕಿ ಹೆಸರ ಐತಿ ಅಂತ ಗೊತ್ತಿದ್ರ ಸಾಕು."

"ಫೋಟೋನೂ ಹಾಕಸ್ತೀರೇನು?"

"ಆಧಾರ ಕಾರ್ಡಿನ ಮ್ಯಾಲ ಒಂದ ಐತ್ರಿ. ಅದರಾಗ ಆಕಿ ಆಕಿಯಂಗ ಇಲ್ಲ. ಹೆಸರ ಇರ್ಲಿ."

ಮೂರು ಸಾಲು ಟೈಪ್ ಮಾಡಿದೆ. ಮೊದಲು 'ಶ್ರೀ ಬೀರೋಬಾ ಪ್ರಸನ್ನ', ನಡುವೆ 'ಬಂದವರು ನೀರು ಕುಡಿದು ಹೋಗಿರಿ', ಕೊನೆಗೆ ದೊಡ್ಡದಾಗಿ 'ಲಕ್ಕವ್ವ'. ಕಾಕಾ ಪರದೆಯನ್ನು ಬಹಳ ಹೊತ್ತು ನೋಡಿ, "ಯಾವದು ಆಕಿದು?" ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ತಲೆಯಾಡಿಸಿದರು. ಅಕ್ಕಲಕೋಟೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ನಾನು ಕೀಲಿ ಒತ್ತಿ, ಅಂಟಿಸಿ, ಕತ್ತರಿಸಿ, ಕಲ್ಲಿನವರಿಗೆ ಕಳಿಸಿ, ಮುಂದಿನ ಕೆಲಸ ಹಿಡಿದೆ. ಎಲ್ಲ ಸೇರಿ ಐದು ನಿಮಿಷ ಹಿಡಿದಿರಬಹುದು.

ಐದಾರು ತಿಂಗಳ ಮೇಲೆ ಅಕ್ಕಲಕೋಟೆಯಲ್ಲಿ ನನ್ನ ಸೋದರಮಾವನ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಮಾಯಪ್ಪ ಕಾಕಾ ಪೇಟೆಯಲ್ಲಿ ಸಿಕ್ಕರು. "ಇಷ್ಟ ದೂರ ಬಂದೀರಿ, ಪಾಣಪೋಯಿ ನೋಡಿ ಹೋಗ್ರಿ ಸಾವಕಾರ್ರ" ಎಂದು ಬಿಡದೆ ಕರೆದೊಯ್ದರು. ಗುಡಿ ಎತ್ತರದ ಮೇಲಿತ್ತು, ಅಲ್ಲಿಂದ ಬೋರಿ ಹೊಳೆಗೆ ಕಟ್ಟಿದ ಧರಣದ ನೀರು ಬೆಳ್ಳಗೆ ಕಾಣುತ್ತಿತ್ತು. ಕಲ್ಲಿಗೆ ಅರಿಶಿನದ ಭಂಡಾರ ಹಚ್ಚಿ, ಒಂದು ಚೆಂಡು ಹೂ ಇಟ್ಟಿದ್ದರು. ನಾನು ಹತ್ತಿರ ಹೋಗಿ ಓದಿದೆ.

'ಲಕವ' ಎಂದಿತ್ತು.

ಕೆಳಗಿನ ಒತ್ತಕ್ಷರ ಎರಡೂ ಇರಲಿಲ್ಲ. ಮೊದಲ ಸಾಲಿನ ಒತ್ತುಗಳೆಲ್ಲ ಸರಿಯಾಗಿದ್ದವು. ಕೊನೆಯ ಸಾಲಿನ ಬುಡದಲ್ಲಿ ಮಾತ್ರ ಯಾರೋ ಕುಡುಗೋಲಿನಿಂದ ಸವರಿದ ಹಾಗೆ ನೆಟ್ಟಗೆ ಕೊಯ್ದುಹೋಗಿತ್ತು. ಕಾಕಾ ಪಕ್ಕದಲ್ಲೇ ನಿಂತು, "ಛೊಲೊ ಬಂದೈತಿಲ್ರಿ?" ಎಂದರು. ನಾನು, "ಛೊಲೊ ಬಂದೈತ್ರಿ" ಎಂದೆ. ಅವರ ಮನೆಯಲ್ಲಿ ಚಹಾ ಕುಡಿದು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಮೊದಲು ಮಾಡಿದ ಕೆಲಸವೆಂದರೆ ಕಲ್ಲಿನವರ ಮೇಲೆ ಸಿಟ್ಟು ಮಾಡಿದ್ದು. ಅವರು ತಮ್ಮ ಕಂಪ್ಯೂಟರಿನಲ್ಲಿ ನಾನು ಕಳಿಸಿದ ಚಿತ್ರ ತೆರೆದು ತೋರಿಸಿದರು. "ತುಮ್ಹೀ ದಿಲಂ ತೇಚ್ ಕೋರಲಂ, ಭಾವು" ಎಂದರು, ನೀವು ಕೊಟ್ಟದ್ದನ್ನೇ ಕೆತ್ತಿದೆ ಎಂದು. ಹೌದು. ಚಿತ್ರದಲ್ಲೇ ಒತ್ತುಗಳಿರಲಿಲ್ಲ. ಚೌಕ ಎಳೆಯುವಾಗ ನಾನೇ ಕತ್ತರಿಸಿದ್ದೆ. ಕನ್ನಡ ಬಾರದ ಆ ಮನುಷ್ಯನಿಗೆ ಅದು ಗೊತ್ತಾಗುವ ದಾರಿಯಿರಲಿಲ್ಲ. ಕನ್ನಡ ಬಲ್ಲ ನಾನು ಕಳಿಸುವ ಮುಂಚೆ ಆ ಚಿತ್ರವನ್ನು ನೋಡಿದ್ದೆ, ಓದಿರಲಿಲ್ಲ. ಕತ್ತರಿಸಿ ಚಿತ್ರ ಮಾಡಿದ ಕೂಡಲೇ ಅದು ನನಗೂ ಬರೀ ಚಿತ್ರವಾಗಿಬಿಟ್ಟಿತ್ತು.

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು, ಇದನ್ನು ನಾನು ನಿಮ್ಮಿಂದ ಮುಚ್ಚಿಡಲಾರೆ. ಊರಿನವರಿಗೆ ಆ ಕಲ್ಲು ಲಕ್ಕವ್ವನದೆಂದು ಗೊತ್ತಿತ್ತು, ಯಾರೂ ಅದನ್ನು ಓದುವ ಗೋಜಿಗೆ ಹೋಗಿರಲಿಲ್ಲ. ಒಂದು ತಿಂಗಳು ಹಾಗೇ ತಳ್ಳಿದೆ. ಆದರೆ ಕನ್ನಡದ ಕೆಲಸ ಬಂದಾಗಲೆಲ್ಲ ಆ ಎರಡು ಅಕ್ಷರಗಳ ಕೆಳಗಿನ ಖಾಲಿ ಜಾಗ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಒಂದು ಗುರುವಾರ ಅಂಗಡಿ ಮುಚ್ಚಿ ಕುರನೂರಿಗೆ ಹೋದೆ.

ಪಾಣಪೋಯಿಯ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಬೆರಳನ್ನು ನೀರಿನಲ್ಲಿ ಅದ್ದಿ ಕಟ್ಟೆಯ ಹಾಸುಗಲ್ಲಿನ ಮೇಲೆ 'ಲಕವ' ಎಂದು ಬರೆದೆ. ಆಮೇಲೆ ಕೆಳಗೆ ಎರಡು ಒತ್ತು ಸೇರಿಸಿದೆ. "ಕಾಕಾ, ಇವೆರಡು ಇದ್ರಷ್ಟ ಲಕ್ಕವ್ವ ಆಗ್ತೈತ್ರಿ. ಕಲ್ಲಿನ್ಯಾಗ ಇವು ಇಲ್ಲ. ನನ್ನ ಕೈಲೆ ತಪ್ಪ ಆಗೈತಿ."

"ಇಲ್ಲದಿದ್ರ ಏನಾಗ್ತೈತಿ?"

"ಲಕವ ಅಂತ ಆಗ್ತೈತ್ರಿ."

"ಲಕವ" ಎಂದು ಅವರು ತಾವೇ ಹೇಳಿ ನೋಡಿದರು. "ಲಕವ. ಹಿಂಗ ಯಾರ ಹೆಸರೂ ಇಲ್ಲಲ್ಲ." ನನ್ನ ಕಡೆ ತಿರುಗಿದರು. "ನಿಮಗ ಯಾವಾಗ ಗೊತ್ತಾತು?"

"ಹೋದ ತಿಂಗಳ ಬಂದಿದ್ನೆಲ್ರಿ, ಆವತ್ತ."

"ಆವತ್ತ ಛೊಲೊ ಬಂದೈತಿ ಅಂದ್ರಿ. ಚಾ ಕುಡದು ಹೋದ್ರಿ."

"ನಾಚಿಕಿ ಆತ್ರಿ" ಎಂದೆ.

ಅವರು ಎದ್ದು ಕುರಿಗಳ ಕಡೆ ನಡೆದುಬಿಟ್ಟರು. ನೀರಿನಲ್ಲಿ ಬರೆದದ್ದು ನಾನು ನೋಡುತ್ತಿದ್ದಂತೆಯೇ ಬಿಸಿಲಿಗೆ ಆರಿಹೋಯಿತು. ಹೋಗಲೋ ಇರಲೋ ತಿಳಿಯದೆ ಕೂತೇ ಇದ್ದೆ. ಅರ್ಧ ತಾಸಿನ ಮೇಲೆ ಅವರು ತಿರುಗಿ ಬಂದರು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಸರಿನ ಕೆಳಗಿನ ಜಾಗವನ್ನು ಗೇಣು ಹಾಕಿ ಅಳೆದರು.

"ಹೊಸ ಕಲ್ಲ ಮಾಡಿಸಿ ಕೊಡ್ತೀನ್ರಿ ಕಾಕಾ."

"ಬ್ಯಾಡ. ಭಂಡಾರ ಬಿದ್ದ ಕಲ್ಲ ತಗಿಯಾಕ ಬರಂಗಿಲ್ಲ. ಕೆಳಗ ಜಾಗಾ ಐತಿ. ಅವೆರಡು ಇಲ್ಲೇ ಕೆತ್ತಸು ತಮ್ಮಾ."

ಸಾವಕಾರ ಹೋಗಿ ತಮ್ಮಾ ಎಂದಾಗಿತ್ತು. ಅದು ಸಿಟ್ಟೋ ಸಲಿಗೆಯೋ ಆಗ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಕಲ್ಲಿನವರು ಮುಂದಿನ ಭಾನುವಾರ ನನ್ನ ಜೊತೆ ಬಂದರು. ಯಂತ್ರವನ್ನು ಗುಡಿಗೆ ತರುವ ಹಾಗಿರಲಿಲ್ಲ. ತಂದೆಯ ಕಾಲದ ಉಳಿ, ಸುತ್ತಿಗೆ ತಂದಿದ್ದರು. ಕೈಯಿಂದ ಕೆತ್ತಿ ಎಷ್ಟೋ ವರ್ಷವಾಯಿತು ಎಂದು ಅಂಜುತ್ತಲೇ ಇದ್ದರು. ನಾನು ಸೀಮೆಸುಣ್ಣದಿಂದ ಒತ್ತು ಬರೆದೆ. ಮೊದಲನೆಯದನ್ನು ಎರಡು ಸಲ ಅಳಿಸಬೇಕಾಯಿತು. ನಾನು ಬರೆದದ್ದರ ಮೇಲೆ ಉಳಿ ಇಡುವ ಮುಂಚೆ ಕಲ್ಲಿನವರು ಪ್ರತಿಯೊಂದನ್ನೂ ತೋರಿಸಿ, ಇದರ ಉಚ್ಚಾರ ಏನು ಎಂದು ಮರಾಠಿಯಲ್ಲಿ ಕೇಳಿದರು. ಹೇಳಿದೆ. "ಲಕ್ಕವ್ವ" ಎಂದು ಅವರೂ ಒಂದು ಸಲ ಅಂದು, ಹೊಡೆಯತೊಡಗಿದರು. ಗುಡಿಗೆ ಬಂದವರು ಒಬ್ಬೊಬ್ಬರಾಗಿ ಸುತ್ತ ನಿಂತರು. ಯಂತ್ರ ಕೆತ್ತಿದ ಅಕ್ಷರಗಳು ನಯವಾಗಿದ್ದವು. ಈ ಎರಡು ಮಾತ್ರ ಸ್ವಲ್ಪ ಒರಟು, ಸ್ವಲ್ಪ ದಪ್ಪ, ಹೆಚ್ಚು ಆಳ.

ಮುಗಿದ ಮೇಲೆ ಮಾಯಪ್ಪ ಕಾಕಾ ಒಂದು ತಂಬಿಗೆ ನೀರು ಹಾಕಿ ಕಲ್ಲಿನ ಪುಡಿ ತೊಳೆದರು. ಹೊಸ ಒತ್ತಿನ ಗುಳಿಯೊಳಗೆ ಬೆರಳಿಟ್ಟು ಕೊನೆಯವರೆಗೆ ಎಳೆದರು. ಆಮೇಲೆ ನನಗೆ, "ಈಗ ಓದು. ಮ್ಯಾಲಿಂದ ಎಲ್ಲಾ ಓದು" ಎಂದರು.

ಓದಿದೆ. ಮೂರು ಸಾಲು, ಶಾಲೆಯಲ್ಲಿ ಮಾಸ್ತರರ ಮುಂದೆ ಓದಿದ ಹಾಗೆ, ಗಟ್ಟಿಯಾಗಿ. ಹೆಸರು ಬಂದಾಗ ಅವರು ಕಣ್ಣು ಮುಚ್ಚಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು ತಂಬಿಗೆ ತುಂಬಿಸಿ, ಮೊದಲು ಕಲ್ಲಿನವರಿಗೆ, ಆಮೇಲೆ ನನಗೆ ಕೊಟ್ಟರು.

"ಕುಡೀರಿ. ಆಕಿ ಹೇಳ್ಯಾಳಲ್ಲ" ಎಂದರು.

ಕುಡಿದೆವು.

ಅವತ್ತು ಬಸ್ಸಿನಲ್ಲಿ ಬರುವಾಗ ಒಂದು ವಿಷಯ ಹೊಳೆಯಿತು. ಅಂಗಡಿಯಲ್ಲಿ ಆ ಚಿತ್ರವನ್ನು ನಾನು ಒಮ್ಮೆ ಬಾಯಿಬಿಟ್ಟು ಓದಿದ್ದರೆ ಅಕ್ಷರ ಬಾರದ ಮಾಯಪ್ಪ ಕಾಕಾನೇ ತಪ್ಪು ಹಿಡಿಯುತ್ತಿದ್ದರು. ಲಕವ ಎಂಬ ಹೆಸರಿಲ್ಲವೆಂದು ಹೇಳಲು ಅವರಿಗೆ ಓದು ಬೇಕಿರಲಿಲ್ಲ. ಅವರನ್ನು ಬಸ್ಸಿಗೆ ಕಳಿಸಿ, ನನ್ನ ನಾಲ್ಕು ವರ್ಷದ ಶಾಲೆಯನ್ನು ನಂಬಿಕೊಂಡು ನಾನು ಕತ್ತರಿ ಆಡಿಸಿದ್ದೆ.

ಅಂದಿನಿಂದ ಗಿರಾಕಿ ಎದುರಿಗೆ ಕೂತಿರುವಾಗಲೇ ಚಿತ್ರ ತೆಗೆಯುತ್ತೇನೆ. ತೆಗೆದದ್ದನ್ನು ತೆರೆದು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಕೆಲವರಿಗೆ ಬೇಸರ, ಕೆಲವರಿಗೆ ನಗು. ನಿನ್ನೆ ಭಂಡಾರಕವಠೆಯಿಂದ ಒಬ್ಬ ಅಜ್ಜಿ ಮೊಮ್ಮಗಳ ತೊಟ್ಟಿಲ ಕಾರ್ಡು ಮಾಡಿಸಲು ಬಂದಿದ್ದರು. ಸೊಸೆ ಮರಾಠಿಯವಳಂತೆ, ಮರಾಠಿ ಕಾರ್ಡು ಆಗಲೇ ಹಂಚಿಯಾಗಿತ್ತು, ಇದು ಅಜ್ಜಿಯ ಕಡೆಯ ನಾಲ್ಕು ಮನೆಗಳಿಗೆ ಮಾತ್ರ. ಹೊಸ ಲ್ಯಾಪ್‌ಟಾಪಿನಲ್ಲಿ ಚಿತ್ರ ತೆಗೆದು ಓದಿದೆ. ದೇವರ ಹೆಸರು, ಊರು, ಅಜ್ಜಿಯ ಗಂಡನ ಹೆಸರು, ಕೊನೆಗೆ ಅಜ್ಜಿಯದೇ ಹೆಸರು. ಮುಗಿಸಿ ತಲೆಯೆತ್ತಿದರೆ ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದರು.

"ಏನರೆ ತಪ್ಪೈತೇನವ್ವಾ?" ಎಂದು ಗಾಬರಿಯಿಂದ ಕೇಳಿದೆ.

"ಇಲ್ಲಪ್ಪಾ, ಎಲ್ಲಾ ಬರೊಬ್ಬರಿ ಐತಿ" ಎಂದರು. ಸೆರಗು ಸರಿಮಾಡಿಕೊಂಡು, ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕೂತರು. "ಇನ್ನೊಂದ ಸಲ ಓದು."

ಓದಿದೆ.